ಟ್ರ್ಯಾಕ್ಟರಿನ ಗಾಲಿಗೆ ಭಾರ ಕೊಡುವುದು: ಎರೆ ಹೊಲದ ಉಳುಮೆಗೆ ಎಷ್ಟು, ಎಲ್ಲಿ, ಯಾವಾಗ

ಕಡಲೆ ಮತ್ತು ಬಿಳಿಜೋಳದ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಎರೆ (ಕಪ್ಪು ಜಿಗುಟು ಮಣ್ಣಿನ) ಭೂಮಿಯಲ್ಲಿ ಮಾಗಿ ಉಳುಮೆ ಶುರುವಾಗುತ್ತದೆ. ಕರಿಕೆ ಮತ್ತು ಜೇಕಿನಂಥ ಕಳೆಗಳ ಗಡ್ಡೆಗಳನ್ನು ಬುಡಸಹಿತ ಮೇಲೆತ್ತಿ ಬೇಸಿಗೆಯ ಬಿಸಿಲಿಗೆ ಒಡ್ಡಬೇಕೆಂದು ಮಣ್ಣನ್ನು ಮಗುಚಿ ಹಾಕುವ ಪಲ್ಟಿ ನೇಗಿಲನ್ನು ಆಳಕ್ಕೆ ಇಳಿಸಿದಾಗ, ಎಷ್ಟೋ ಟ್ರ್ಯಾಕ್ಟರುಗಳ ಹಿಂದಿನ ಗಾಲಿಗಳು ಜೋರಾಗಿ ಸುತ್ತುತ್ತವೆಯೇ ಹೊರತು ಟ್ರ್ಯಾಕ್ಟರು ಅಷ್ಟು ಮುಂದೆ ಸಾಗುವುದಿಲ್ಲ. ಚಾಲಕರು ಇದಕ್ಕೆ ‘ಸ್ಲಿಪ್ ಹೊಡೆಯುವುದು’ ಎನ್ನುತ್ತಾರೆ. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ಟಯರಿಗೆ ನೀರು ತುಂಬಿಸಿ, ವೇಟ್ ಹಾಕಿಸಿ. ಪರಿಹಾರ ತಪ್ಪಲ್ಲ. ಆದರೆ ಎಷ್ಟು ಭಾರ ಬೇಕು, ಅದನ್ನು ಎಲ್ಲಿ ಕೂಡಿಸಬೇಕು, ಯಾವ ಕೆಲಸಕ್ಕೆ ಇಟ್ಟುಕೊಂಡು ಯಾವಾಗ ತೆಗೆಯಬೇಕು ಎಂಬುದನ್ನು ಅಳೆದು ನೋಡಿಯೇ ನಿರ್ಧರಿಸಬೇಕು. ಅಳತೆಯಿಲ್ಲದೆ ಕೂಡಿಸಿದ ಭಾರವು ಡೀಸೆಲನ್ನು ತಿನ್ನುತ್ತದೆ, ಅದಕ್ಕಿಂತ ಹೆಚ್ಚಾಗಿ ಭೂಮಿಯನ್ನು ಒಳಗಿನಿಂದ ಗಟ್ಟಿ ಮಾಡುತ್ತದೆ. ಹದಿನೈದು ವರ್ಷ ನನ್ನ ಸ್ವಂತ ಎರೆ ಹೊಲದಲ್ಲಿ ಮತ್ತು ಬಾಡಿಗೆ ಉಳುಮೆಯಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಭಾರದಿಂದ ಆಗುವ ಉಪಕಾರವೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಹಿರಿಯರು ಎತ್ತುಗಳನ್ನು ಹೂಡಿ ಹೊಲ ಹರಗುವಾಗ ಕುಂಟೆಯ ಮೇಲೆ ಕಲ್ಲು ಹೇರುತ್ತಿದ್ದರು, ಇಲ್ಲವೇ ತಾವೇ ಹತ್ತಿ ನಿಲ್ಲುತ್ತಿದ್ದರು. ಅಲ್ಲಿ ಭಾರ ಹೇರುತ್ತಿದ್ದುದು ಉಪಕರಣದ ಮೇಲೆ. ಅದು ಕುಂಟೆಯ ಕುಡ ನೆಲಕ್ಕೆ ಚೆನ್ನಾಗಿ ಕಚ್ಚಲಿ ಎಂಬ ಉದ್ದೇಶಕ್ಕೆ. ಟ್ರ್ಯಾಕ್ಟರಿನ ವಿಷಯ ಬೇರೆ. ಇಲ್ಲಿ ಎಳೆಯುವ ಯಂತ್ರಕ್ಕೇ ಭಾರ ಕೊಡುತ್ತೇವೆ. ಎಂಜಿನ್ನಿನಲ್ಲಿ ಎಷ್ಟೇ ಶಕ್ತಿಯಿದ್ದರೂ ಅದು ನೆಲಕ್ಕೆ ಮುಟ್ಟುವುದು ಟಯರಿನ ಹಲ್ಲುಗಳು ಮಣ್ಣನ್ನು ಹಿಡಿದಷ್ಟು ಮಾತ್ರ, ಮತ್ತು ಆ ಹಿಡಿತವು ಗಾಲಿಯ ಮೇಲೆ ಕುಳಿತಿರುವ ಭಾರವನ್ನು ಅವಲಂಬಿಸಿರುತ್ತದೆ. ಭಾರ ಸಾಲದಿದ್ದರೆ ಗಾಲಿಯು ಮಣ್ಣಿನ ಮೇಲ್ಪದರವನ್ನು ಕೆರೆದು ಹಿಂದಕ್ಕೆ ಎಸೆಯುತ್ತದೆ. ಸಮಯ, ಡೀಸೆಲ್ ಮತ್ತು ಟಯರಿನ ಹಲ್ಲು ಮೂರೂ ಸವೆಯುತ್ತವೆ. ಭಾರ ಅತಿಯಾದರೆ ಗಾಲಿ ಜಾರುವುದು ನಿಲ್ಲುತ್ತದೆ, ನಿಜ. ಆದರೆ ಆಗ ಅಷ್ಟು ತೂಕವನ್ನು ಮೆತ್ತನೆಯ ಮಣ್ಣಿನಲ್ಲಿ ಉರುಳಿಸಿಕೊಂಡು ಹೋಗುವುದಕ್ಕೇ ಎಂಜಿನ್ನಿನ ಶಕ್ತಿ ಖರ್ಚಾಗುತ್ತದೆ, ಗೇರು ಪೆಟ್ಟಿಗೆ ಮತ್ತು ಗಾಲಿಗಳ ಅಚ್ಚಿನ (ಆಕ್ಸಲ್) ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಗಾಲಿ ಸ್ವಲ್ಪವೂ ಜಾರದಂತೆ ಮಾಡುವುದು ನಮ್ಮ ಗುರಿಯಲ್ಲ. ಗಾಲಿ ಸ್ವಲ್ಪ ಜಾರಲೇಬೇಕು. ಹೊಲದ ಉಳುಮೆಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಜಾರಿಕೆ ಇದ್ದರೆ ಟ್ರ್ಯಾಕ್ಟರು ತನ್ನ ಶಕ್ತಿಯನ್ನು ಸರಿಯಾಗಿ ಬಳಸುತ್ತಿದೆ ಎಂದು ತಿಳಿಯಬೇಕು.

ಈ ಜಾರಿಕೆಯನ್ನು ಅಳೆಯಲು ಯಾವ ಯಂತ್ರವೂ ಬೇಡ. ಒಂದು ಸೀಮೆಸುಣ್ಣ, ಎರಡು ಗೂಟ ಮತ್ತು ಜೊತೆಗೊಬ್ಬ ಎಣಿಸುವವರು ಸಾಕು. ಹಿಂದಿನ ಒಂದು ಗಾಲಿಯ ಹೊರಮೈಯನ್ನು ನಾಲ್ಕು ಸಮ ಭಾಗ ಮಾಡಿ ಸುಣ್ಣದ ಗೆರೆ ಎಳೆಯಿರಿ. ಅವುಗಳಲ್ಲಿ ಒಂದನ್ನು ದಪ್ಪಗೆ ಬರೆಯಿರಿ. ನೀವು ನಿತ್ಯ ಉಳುವ ಆಳಕ್ಕೆ, ನಿತ್ಯ ಬಳಸುವ ಗೇರಿನಲ್ಲಿ ನೇಗಿಲು ಹಾಕಿ ಒಂದಷ್ಟು ದೂರ ಸಾಗಿ, ಟ್ರ್ಯಾಕ್ಟರು ಒಂದೇ ವೇಗಕ್ಕೆ ಬಂದ ಮೇಲೆ, ದಪ್ಪ ಗೆರೆ ನೆಲಕ್ಕೆ ಬಂದ ಕಡೆ ಮೊದಲ ಗೂಟ ನೆಡಬೇಕು. ಪಕ್ಕದಲ್ಲಿ ನಡೆಯುವವರು ಗಾಲಿಯಿಂದ ಸಾಕಷ್ಟು ದೂರದಲ್ಲಿದ್ದು ಸರಿಯಾಗಿ ಹತ್ತು ಸುತ್ತು ಎಣಿಸಿ, ಹತ್ತನೆಯ ಸುತ್ತು ಮುಗಿದಲ್ಲಿ ಎರಡನೆಯ ಗೂಟ ನೆಡಬೇಕು. ಆಮೇಲೆ ಅದೇ ಹೊಲದಲ್ಲಿ, ಉಳದ ನೆಲದ ಮೇಲೆ, ಅದೇ ಗೇರಿನಲ್ಲಿ ನೇಗಿಲನ್ನು ಎತ್ತಿಕೊಂಡು ಆ ಎರಡು ಗೂಟಗಳ ನಡುವಿನ ದೂರವನ್ನು ಕ್ರಮಿಸಿ, ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಬೇಕು. ಈ ಸಲ ಸುತ್ತು ಕಡಿಮೆ ಬರುತ್ತದೆ. ಹತ್ತಕ್ಕಿಂತ ಒಂದು ಸುತ್ತು ಕಡಿಮೆ ಬಂದರೆ ಜಾರಿಕೆ ನೂರಕ್ಕೆ ಹತ್ತು. ಒಂದೂವರೆ ಸುತ್ತು ಕಡಿಮೆ ಬಂದರೆ ಹದಿನೈದು. ಎರಡು ಸುತ್ತು ಕಡಿಮೆ ಬಂದರೆ ಇಪ್ಪತ್ತು. ನಾಲ್ಕು ಗೆರೆ ಎಳೆದಿರುವುದರಿಂದ ಕಾಲು ಸುತ್ತಿನವರೆಗೂ ಲೆಕ್ಕ ಸಿಗುತ್ತದೆ.

ಎಂಟೂವರೆಯಿಂದ ಒಂಬತ್ತು ಸುತ್ತು ಬಂದರೆ ಏನನ್ನೂ ಮಾಡಬೇಡಿ. ನಿಮ್ಮ ಟ್ರ್ಯಾಕ್ಟರಿನ ಭಾರ ಆ ಕೆಲಸಕ್ಕೆ ಸರಿಯಾಗಿದೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಭಾರ ಬೇಕು. ಒಂಬತ್ತೂವರೆಗಿಂತ ಹೆಚ್ಚು ಬಂದರೆ ಭಾರ ಅಗತ್ಯಕ್ಕಿಂತ ಜಾಸ್ತಿಯಿದೆ, ಇರುವುದನ್ನು ಇಳಿಸಬೇಕು. ಇದೇ ಮಾತನ್ನು ಟಯರಿನ ಗುರುತೂ ಹೇಳುತ್ತದೆ. ಗಾಲಿ ಹಾದುಹೋದ ಜಾಡಿನಲ್ಲಿ ಹಲ್ಲುಗಳ ಅಚ್ಚು ಅಂಚುಗಳಲ್ಲಿ ಸ್ಪಷ್ಟವಾಗಿದ್ದು ನಡುವೆ ಮಾತ್ರ ಮಣ್ಣು ಮುರಿದು ಕಲಸಿದಂತೆ ಕಂಡರೆ ಭಾರ ಹದವಾಗಿದೆ. ಅಚ್ಚು ಪೂರ್ತಿ ಅಳಿಸಿಹೋಗಿ ಜಾಡಿನಲ್ಲಿ ಪುಡಿಮಣ್ಣು ಮಾತ್ರ ಉಳಿದಿದ್ದರೆ ಭಾರ ಸಾಲದು. ಹಲ್ಲಿನ ಒಂದೊಂದು ಗುರುತೂ ಇಟ್ಟಿಗೆಯ ಅಚ್ಚಿನಲ್ಲಿ ತೆಗೆದಂತೆ ಚೊಕ್ಕವಾಗಿ ಮೂಡಿದ್ದರೆ ಭಾರ ಅತಿಯಾಗಿದೆ. ಚೊಕ್ಕವಾದ ಗುರುತನ್ನು ನೋಡಿ ಸಂತೋಷಪಡುವ ಚಾಲಕರನ್ನು ನಾನು ಕಂಡಿದ್ದೇನೆ. ಅದು ಸಂತೋಷಪಡುವ ಗುರುತಲ್ಲ.

ಎಣಿಕೆಯಲ್ಲಿ ಜಾರಿಕೆ ಹೆಚ್ಚೆಂದು ಕಂಡುಬಂದ ಕೂಡಲೇ ನೀರಿನ ಡ್ರಮ್ಮಿನ ಕಡೆಗೆ ಓಡಬೇಡಿ. ಭಾರವನ್ನು ಕೂಡಿಸದೆಯೇ ಸರಿಪಡಿಸಬಹುದಾದ ಕಾರಣಗಳು ಹಲವು ಇರುತ್ತವೆ. ನೇಗಿಲಿನ ಕುಡ ಮೊಂಡಾಗಿದ್ದರೆ ಅದು ಮಣ್ಣನ್ನು ಸೀಳುವ ಬದಲು ತಳ್ಳುತ್ತದೆ, ಎಳೆತ ವಿನಾಕಾರಣ ಹೆಚ್ಚುತ್ತದೆ. ಟಯರಿನ ಗಾಳಿ ರಸ್ತೆಯ ಓಡಾಟಕ್ಕೆಂದು ಬಿಗಿಯಾಗಿ ತುಂಬಿದ್ದು ಹಾಗೆಯೇ ಉಳಿದಿದ್ದರೆ ಟಯರಿನ ಕಡಿಮೆ ಭಾಗ ನೆಲಕ್ಕೆ ತಾಗುತ್ತದೆ. ಹೊಲದ ಕೆಲಸಕ್ಕೆ ಹಿಂದಿನ ಟಯರುಗಳಲ್ಲಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕು ಪೌಂಡು ಗಾಳಿ ಸಾಕಾಗುತ್ತದೆ, ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯೇ ಅಂತಿಮ. ಹಲ್ಲುಗಳು ಸವೆದು ನುಣುಪಾಗಿರುವ ಟಯರಿಗೆ ಎಷ್ಟು ನೀರು ತುಂಬಿದರೂ ಹಿಡಿತ ಬರುವುದಿಲ್ಲ. ಇನ್ನೊಂದು ಮುಖ್ಯ ವಿಷಯವೆಂದರೆ ಹೈಡ್ರಾಲಿಕ್ಕಿನ ಡ್ರಾಫ್ಟ್ ಲಿವರ್. ನಮ್ಮ ಕಡೆ ಅನೇಕರು ನೇಗಿಲನ್ನು ಒಂದೇ ಎತ್ತರದಲ್ಲಿ ಹಿಡಿದಿಡುವ ಪೊಸಿಷನ್ ಲಿವರಿನಲ್ಲೇ ಓಡಿಸುತ್ತಾರೆ. ಉಳುಮೆಯಲ್ಲಿ ಡ್ರಾಫ್ಟ್ ಲಿವರನ್ನು ಬಳಸಿದರೆ, ಗಟ್ಟಿ ನೆಲ ಬಂದು ಎಳೆತ ಹೆಚ್ಚಾದಾಗ ಲಿಫ್ಟು ತಾನಾಗಿಯೇ ನೇಗಿಲನ್ನು ತುಸು ಮೇಲಕ್ಕೆಳೆಯುತ್ತದೆ. ಆ ಕ್ಷಣದಲ್ಲಿ ನೇಗಿಲಿನ ಮತ್ತು ಅದು ಎತ್ತುತ್ತಿರುವ ಮಣ್ಣಿನ ಭಾರದ ಒಂದು ಪಾಲು ಹಿಂದಿನ ಗಾಲಿಗಳ ಮೇಲೆ ಬಂದು ಕೂರುತ್ತದೆ. ಬೇಕಾದಾಗ ಬಂದು ಬೇಡವಾದಾಗ ಹೋಗುವ ಈ ಭಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಇವೆಲ್ಲವನ್ನೂ ಸರಿಪಡಿಸಿದ ಮೇಲೆ ಮತ್ತೊಮ್ಮೆ ಸುತ್ತು ಎಣಿಸಿ.

ಆಗಲೂ ಸುತ್ತು ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಟ್ರ್ಯಾಕ್ಟರನ್ನು ಒಮ್ಮೆ ಕಾಟಾದ (ವಾಹನಗಳನ್ನು ತೂಗುವ ಕಟ್ಟೆ) ಮೇಲೆ ನಿಲ್ಲಿಸುವುದು ಒಳ್ಳೆಯದು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೋ ಗದಗಿನ ಅಥವಾ ಬ್ಯಾಡಗಿಯ ಮಾರುಕಟ್ಟೆಗೋ ಮಾಲು ತೆಗೆದುಕೊಂಡು ಹೋದ ದಿನ, ಟ್ರೇಲರ್ ಬಿಚ್ಚಿಟ್ಟು ಅಲ್ಲಿನ ಸುತ್ತಮುತ್ತಲ ಯಾವುದಾದರೂ ಕಾಟಾದಲ್ಲಿ ತೂಕ ಮಾಡಿಸಿಕೊಂಡರೆ ಬೇರೆ ತಿರುಗಾಟ ಬೇಕಾಗುವುದಿಲ್ಲ. ಮೊದಲು ಇಡೀ ಟ್ರ್ಯಾಕ್ಟರಿನ ತೂಕ, ಆಮೇಲೆ ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲಿಟ್ಟು ಮುಂದಿನ ಅಚ್ಚಿನ ತೂಕ, ಸಾಧ್ಯವಾದರೆ ಮತ್ತೊಂದು ದಿನ ನೇಗಿಲನ್ನು ಜೋಡಿಸಿ ಮೇಲೆತ್ತಿದ ಸ್ಥಿತಿಯಲ್ಲಿ ಮುಂದಿನ ಅಚ್ಚಿನ ತೂಕ, ಹೀಗೆ ಮೂರು ಅಂಕಿಗಳು ಬೇಕು. ನನ್ನ ಎರಡು ಗಾಲಿ ಎಳೆತದ ಟ್ರ್ಯಾಕ್ಟರು ಒಟ್ಟು 1,950 ಕೆ.ಜಿ. ಬಂದಿತ್ತು; ಅದರಲ್ಲಿ ಮುಂದಿನ ಅಚ್ಚಿನ ಮೇಲೆ 720 ಕೆ.ಜಿ. ಇತ್ತು. ಪಲ್ಟಿ ನೇಗಿಲನ್ನು ಎತ್ತಿದಾಗ ಆ 720 ಇಳಿದು 510 ಆಯಿತು. ಹಿಂದೆ ನೇತಾಡುವ ಉಪಕರಣವು ತಕ್ಕಡಿಯ ಒಂದು ತಟ್ಟೆಯಂತೆ ಕೆಲಸ ಮಾಡಿ ಮುಂಭಾಗವನ್ನು ಹಗುರ ಮಾಡುತ್ತದೆ ಎಂಬುದನ್ನು ಈ ಅಂಕಿಗಳಿಗಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು.

ನೆನಪಿಡಬೇಕಾದ ಮಿತಿ ಇಷ್ಟು: ಉಪಕರಣವನ್ನು ಪೂರ್ತಿ ಮೇಲೆತ್ತಿದಾಗಲೂ ಟ್ರ್ಯಾಕ್ಟರಿನ ತೂಕದ ಐದರಲ್ಲೊಂದು ಪಾಲಾದರೂ ಮುಂದಿನ ಗಾಲಿಗಳ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಬದುವನ್ನು ದಾಟುವಾಗ, ಹಳ್ಳದ ದಿಬ್ಬವನ್ನು ಏರುವಾಗ ಮುಂಭಾಗ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಪಲ್ಟಿಯಾಗುವ ಅಪಾಯವಿರುತ್ತದೆ. ಉಳುಮೆಗೆ ನಿಂತಿರುವ ಸ್ಥಿತಿಯಲ್ಲಿ ಎರಡು ಗಾಲಿ ಎಳೆತದ ಟ್ರ್ಯಾಕ್ಟರಿಗೆ ಮುಂದೆ ಮೂವತ್ತರಿಂದ ಮೂವತ್ತೈದು, ಹಿಂದೆ ಅರವತ್ತೈದರಿಂದ ಎಪ್ಪತ್ತು ಪಾಲು ಇರುವುದು ಒಳ್ಳೆಯ ಹಂಚಿಕೆ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳೂ ದುಡಿಯುವುದರಿಂದ ಅಲ್ಲಿ ನಲವತ್ತು ಪಾಲಿನವರೆಗೆ ಬೇಕಾಗುತ್ತದೆ.

ಇನ್ನು ನೀರು ತುಂಬಿಸುವ ಕೆಲಸ. ಹಿಂದಿನ ಗಾಲಿಗೆ ಭಾರ ಕೊಡಲು ಇದು ಅತ್ಯಂತ ಅಗ್ಗದ ವಿಧಾನ, ಮತ್ತು ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುವುದರಿಂದ ಲೆಕ್ಕವೂ ಸುಲಭ. 12.4-28 ಅಳತೆಯ ಟಯರು ಸುಮಾರು 150 ಲೀಟರ್, 13.6-28 ಟಯರು ಸುಮಾರು 185 ಲೀಟರ್, 14.9-28 ಟಯರು ಸುಮಾರು 230 ಲೀಟರ್ ನೀರು ಹಿಡಿಯುತ್ತದೆ. ಇದು ಟಯರಿನ ಮುಕ್ಕಾಲು ಭಾಗ ತುಂಬಿದಾಗಿನ ಲೆಕ್ಕ. ಮುಕ್ಕಾಲಿಗಿಂತ ಹೆಚ್ಚು ತುಂಬಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಉಳಿದ ಕಾಲು ಭಾಗದ ಗಾಳಿಯೇ ಟಯರಿಗೆ ಮೆತ್ತೆಯಂತೆ ನಿಂತು ಕಲ್ಲು ಹೊಡೆತವನ್ನು ತಾಳಿಕೊಳ್ಳುತ್ತದೆ. ಪೂರ್ತಿ ನೀರು ತುಂಬಿದ ಟಯರು ಬಂಡೆಯಂತಾಗಿ, ಕಲ್ಲು ಸಿಕ್ಕಿದ ಕಡೆ ಒಳಗಿನ ನೂಲು ಹರಿಯುತ್ತದೆ.

ಈ ಕೆಲಸವನ್ನು ಎರೆ ಹೊಲದಲ್ಲಿ ಮಾಡಬಾರದು, ಜಾಕಿ ಹೂತುಹೋಗುತ್ತದೆ. ಮನೆಯ ಮುಂದಿನ ಕಲ್ಲುಹಾಸಿನ ಮೇಲೋ ಗಟ್ಟಿ ಕಣದಲ್ಲೋ ಟ್ರ್ಯಾಕ್ಟರನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಅಚ್ಚಿನ ಕೆಳಗೆ ಜಾಕಿ ಹಾಕಿ ಗಾಲಿ ನೆಲ ಬಿಡುವಷ್ಟು ಮಾತ್ರ ಎತ್ತಿ, ಅಚ್ಚಿನ ಕೆಳಗೆ ದಪ್ಪನೆಯ ಮರದ ದಿಮ್ಮಿಯನ್ನು ಕೊಟ್ಟ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿ. ಜಾಕಿಯೊಂದನ್ನೇ ನಂಬಿ ಗಾಲಿಯ ಕೆಳಗೆ ಕೈ ತೂರಿಸಬಾರದು. ಗೇರನ್ನು ಬಿಡಿಸಿ, ಗಾಳಿ ತುಂಬುವ ವಾಲ್ ಮೇಲ್ಭಾಗಕ್ಕೆ ಬರುವಂತೆ ಗಾಲಿಯನ್ನು ತಿರುಗಿಸಿ, ಮತ್ತೆ ಗೇರಿನಲ್ಲಿಟ್ಟು, ವಾಲಿನ ಒಳಗಿನ ಪಿನ್ನನ್ನು ನಿಧಾನವಾಗಿ ಬಿಚ್ಚಿ ಗಾಳಿಯನ್ನು ಹೊರಬಿಡಿ. ಗಾಳಿ ಇಳಿಯುವಾಗ ಮುಖವನ್ನು ವಾಲಿನ ನೇರಕ್ಕೆ ಇಡಬೇಡಿ. ಬಿಚ್ಚಿದ ಪಿನ್ನನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಳ್ಳಿ; ಅದು ಮಣ್ಣಿಗೆ ಬಿದ್ದರೆ ಆ ದಿನದ ಕೆಲಸ ಕೆಡುತ್ತದೆ.

ಪಿನ್ನಿನ ಜಾಗಕ್ಕೆ ಗಾಳಿ-ನೀರಿನ ಅಡಾಪ್ಟರನ್ನು ತಿರುಗಿಸಿ ಕೂರಿಸಬೇಕು. ಇದು ದೊಡ್ಡ ಪಂಚರ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಸದನ್ನು ಕೊಳ್ಳಲು ಮನಸ್ಸಿಲ್ಲದಿದ್ದರೆ ಅಂಗಡಿಯವರನ್ನೇ ಕರೆಸಿಕೊಳ್ಳಬಹುದು. ಅದರ ಒಂದು ಬಾಯಿಗೆ ನೀರಿನ ಪೈಪು ಜೋಡಿಸಿದರೆ ಇನ್ನೊಂದು ಸಂದಿಯಿಂದ ಒಳಗಿನ ಗಾಳಿಯನ್ನು ಆಗಾಗ ಹೊರಬಿಡಬಹುದು. ನೀರಿನ ಡ್ರಮ್ಮನ್ನು ಟ್ರೇಲರಿನ ಮೇಲೆ ಇಟ್ಟರೆ ಆ ಎತ್ತರದ ಒತ್ತಡವೇ ಸಾಕು, ಪಂಪು ಬೇಕಾಗುವುದಿಲ್ಲ. ನೀರು ನಿಧಾನವಾಗಿ ಇಳಿಯುತ್ತದೆ. ಅವಸರ ಮಾಡದೆ ನಡುನಡುವೆ ಗಾಳಿಯನ್ನು ಬಿಡುತ್ತಾ ಹೋಗಬೇಕು. ವಾಲ್ ಮೇಲೆ ಇರುವ ಸ್ಥಿತಿಯಲ್ಲಿ ಗಾಳಿಯ ಸಂದಿಯಿಂದ ನೀರು ಹೊರಗೆ ಬರತೊಡಗಿತೆಂದರೆ ಮುಕ್ಕಾಲು ಭಾಗ ತುಂಬಿದೆ ಎಂದರ್ಥ. ಕಡಿಮೆ ನೀರು ಸಾಕೆಂದು ಲೆಕ್ಕ ಬಂದಿದ್ದರೆ ಡ್ರಮ್ಮಿನಲ್ಲಿ ಅಳೆದು ಅಷ್ಟೇ ಬಿಡಿ. ಆಮೇಲೆ ಅಡಾಪ್ಟರ್ ತೆಗೆದು ಪಿನ್ನನ್ನು ಕೂರಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ. ಮುಂದೆಯೂ ಗಾಳಿಯನ್ನು ಅಳೆಯುವಾಗಲೆಲ್ಲ ವಾಲನ್ನು ಮೇಲಕ್ಕೆ ತಂದುಕೊಳ್ಳಬೇಕು. ಕೆಳಗಿದ್ದರೆ ಗೇಜಿನೊಳಗೆ ನೀರು ನುಗ್ಗಿ ಅದು ಹಾಳಾಗುತ್ತದೆ. ಎರಡೂ ಟಯರುಗಳಿಗೆ ಒಂದೇ ಅಳತೆಯ ನೀರು ಹೋಗಲೇಬೇಕು. ಉಳುವಾಗ ಒಂದು ಗಾಲಿ ಸಾಲಿನೊಳಗೆ, ಇನ್ನೊಂದು ದಡದ ಮೇಲೆ ಓಡುತ್ತದಾದ್ದರಿಂದ ಟ್ರ್ಯಾಕ್ಟರು ಮೊದಲೇ ಒಂದು ಮಗ್ಗುಲಿಗೆ ವಾಲಿರುತ್ತದೆ. ನೀರಿನಲ್ಲೂ ವ್ಯತ್ಯಾಸವಾದರೆ ಅದು ಒಂದೇ ಕಡೆಗೆ ಎಳೆಯುತ್ತದೆ.

ನೀರಿನ ಗುಣದ ಬಗ್ಗೆಯೂ ಎರಡು ಮಾತು ಹೇಳಬೇಕು. ಗದಗ ಮತ್ತು ನವಲಗುಂದದ ಕಡೆ ಸವಳು ನೀರಿನ ಬೋರುಗಳು ಬಹಳ. ಅಂಥ ನೀರು ಟ್ಯೂಬಿನ ಒಳಗೇ ಇದ್ದರೂ ವಾಲಿನ ಲೋಹವನ್ನು ತಿನ್ನುತ್ತದೆ, ಸೋರಿದರೆ ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ಕೆರೆಯ ನೀರನ್ನು ಅಥವಾ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದೇ ಲೇಸು. ವಿದೇಶದ ಪುಸ್ತಕಗಳಲ್ಲಿ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಲು ಹೇಳಿರುವುದನ್ನು ಓದಿ ಕೆಲವರು ಹಾಗೆ ಮಾಡಲು ಹೊರಡುತ್ತಾರೆ. ಅದು ಮುಖ್ಯವಾಗಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ದೇಶಗಳಿಗೆ ಹೇಳಿದ ಮಾತು. ಧಾರವಾಡದ ಚಳಿ ಎಷ್ಟೇ ಇದ್ದರೂ ಟಯರಿನೊಳಗಿನ ನೀರನ್ನು ಹೆಪ್ಪುಗಟ್ಟಿಸುವಷ್ಟಿಲ್ಲ. ಇಲ್ಲಿ ಆ ಉಪ್ಪು ರಿಮ್ಮಿಗೆ ಶತ್ರುವೇ ಹೊರತು ಬೇರೇನೂ ಅಲ್ಲ.

ಕಬ್ಬಿಣದ ವೇಟುಗಳ ವಿಷಯ ಚಿಕ್ಕದು. ಹಿಂದಿನ ಗಾಲಿಯ ತಟ್ಟೆಗೆ ಬೋಲ್ಟಿನಿಂದ ಬಿಗಿಯುವ ದುಂಡು ವೇಟುಗಳು ಆಯಾ ಕಂಪನಿಯ ಟ್ರ್ಯಾಕ್ಟರಿಗೆ ತಕ್ಕಂತೆ ದೊರೆಯುತ್ತವೆ. ನೀರಿಗಿಂತ ದುಬಾರಿಯಾದರೂ ಬೇಕೆಂದಾಗ ಹಾಕಿ ಬೇಡವೆಂದಾಗ ಬಿಚ್ಚಬಹುದು ಎಂಬುದು ಅವುಗಳ ದೊಡ್ಡ ಗುಣ. ಒಬ್ಬರೇ ಎತ್ತಲು ಹೋಗಬೇಡಿ, ಮತ್ತು ಹಾಕಿದ ಮೊದಲ ದಿನ ಕೆಲವು ತಾಸು ಉತ್ತ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ.

ಮುಂದಿನ ಬಂಪರಿಗೆ ತೂಗುಹಾಕುವ ವೇಟುಗಳ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿಂದೆ ನೀರು ತುಂಬಿಸಿಕೊಂಡವರಲ್ಲಿ ಹೆಚ್ಚಿನವರು ಮುಂಭಾಗವನ್ನು ಮರೆಯುತ್ತಾರೆ. ನನ್ನ ಟ್ರ್ಯಾಕ್ಟರಿನ ಹಿಂದಿನ ಎರಡು ಟಯರುಗಳಿಗೆ 185 ಲೀಟರಿನಂತೆ ಒಟ್ಟು 370 ಲೀಟರ್ ನೀರು ಹೋದ ಮೇಲೆ ಒಟ್ಟು ತೂಕ 2,320 ಕೆ.ಜಿ. ಆಯಿತು. ನೇಗಿಲನ್ನು ಎತ್ತಿದಾಗ ಮುಂದಿನ ಅಚ್ಚಿನ ಮೇಲೆ ಉಳಿಯುತ್ತಿದ್ದುದು ಆಗಲೂ ಅದೇ 510 ಕೆ.ಜಿ.; ಐದರಲ್ಲೊಂದು ಪಾಲಿನ ಗೆರೆಗೆ ತೀರ ಹತ್ತಿರ. ಬಂಪರಿಗೆ 80 ಕೆ.ಜಿ. ವೇಟು ತೂಗುಹಾಕಿ ಮತ್ತೆ ತೂಗಿಸಿದಾಗ ಮುಂದಿನ ಅಚ್ಚಿನ ತೂಕ 620ರ ಆಸುಪಾಸಿಗೆ ಏರಿತು. ಹಾಕಿದ್ದು 80, ಏರಿದ್ದು 110. ವೇಟು ಮುಂದಿನ ಗಾಲಿಗಿಂತಲೂ ಮುಂದೆ ತೂಗುತ್ತಿರುವುದರಿಂದ ಅದು ಸನ್ನೆಕೋಲಿನಂತೆ ಒತ್ತಿ, ಹಿಂದಿನ ಗಾಲಿಯ ಮೇಲಿನ ಭಾರದಲ್ಲಿ ಸುಮಾರು 30 ಕೆ.ಜಿ.ಯನ್ನು ಮುಂದಕ್ಕೆ ತಂದಿತ್ತು. ಆದ್ದರಿಂದ ಮುಂದೆ ಅಗತ್ಯಕ್ಕಿಂತ ಹೆಚ್ಚು ವೇಟು ತೂಗುಹಾಕಿದರೆ, ಹಿಂದೆ ಕಷ್ಟಪಟ್ಟು ತುಂಬಿದ ನೀರಿನ ಉಪಯೋಗವನ್ನು ನಾವೇ ಕಡಿಮೆ ಮಾಡಿಕೊಂಡಂತೆ. ಮುಂದಿನ ಟಯರುಗಳಿಗೆ ನೀರು ತುಂಬಿಸುವುದನ್ನು ಎರಡು ಗಾಲಿ ಎಳೆತದ ಟ್ರ್ಯಾಕ್ಟರಿಗೆ ನಾನು ಹೇಳುವುದಿಲ್ಲ.

ಹೀಗೆ ಭಾರ ಕೊಟ್ಟ ಮೇಲೆ ಮತ್ತೆ ಸುತ್ತು ಎಣಿಸಬೇಕು. ನನ್ನ ಹೊಲದಲ್ಲಿ ಮೊದಲು ಏಳೂವರೆ ಬಂದದ್ದು ಆಮೇಲೆ ಎಂಟೂವರೆಗೆ ಬಂದಿತು, ಅಲ್ಲಿಗೆ ನಿಲ್ಲಿಸಿದೆ. ಟ್ರ್ಯಾಕ್ಟರುಗಳ ಸರಕಾರಿ ಪರೀಕ್ಷೆ ನಡೆಯುವ ಮಧ್ಯಪ್ರದೇಶದ ಬುದನಿಯ ಸಂಸ್ಥೆಯ ವರದಿಗಳಲ್ಲಿ ಪ್ರತಿ ಟ್ರ್ಯಾಕ್ಟರಿನ ತೂಕವನ್ನು ಹೆಚ್ಚುವರಿ ಭಾರ ಸಹಿತ ಮತ್ತು ರಹಿತ ಎಂದು ಎರಡು ರೀತಿಯಲ್ಲಿ ಕೊಟ್ಟಿರುತ್ತಾರೆ. ನಿಮ್ಮ ಮಾದರಿಯ ವರದಿ ಸಿಕ್ಕಿದರೆ ಅಥವಾ ಕೈಪಿಡಿಯಲ್ಲಿ ಗರಿಷ್ಠ ಭಾರದ ಅಂಕಿ ಇದ್ದರೆ, ಸುತ್ತಿನ ಲೆಕ್ಕ ಏನೇ ಹೇಳಲಿ, ಅದನ್ನು ಮೀರಬಾರದು. ಮಿತಿಯವರೆಗೂ ಭಾರ ಹಾಕಿದ ಮೇಲೂ ಗಾಲಿ ಜಾರುತ್ತಿದ್ದರೆ ನೇಗಿಲು ಆ ಟ್ರ್ಯಾಕ್ಟರಿಗೆ ದೊಡ್ಡದಾಯಿತು, ಇಲ್ಲವೇ ಆಳ ಹೆಚ್ಚಾಯಿತು ಎಂದೇ ತಿಳಿಯಬೇಕು.

ಮನುಷ್ಯರನ್ನು ಭಾರವಾಗಿ ಬಳಸುವ ರೂಢಿಯನ್ನು ಇಲ್ಲಿ ಹೇಳದೆ ಬಿಡಲಾಗದು. ಗಾಲಿ ಜಾರಿದಾಗ ಇಬ್ಬರನ್ನು ಮಡ್ಗಾರ್ಡಿನ ಮೇಲೆ ಕೂರಿಸುವುದು, ನೇಗಿಲು ಇಳಿಯದಿದ್ದಾಗ ಅದರ ಚೌಕಟ್ಟಿನ ಮೇಲೆ ಹುಡುಗರನ್ನು ನಿಲ್ಲಿಸುವುದು, ಮುಂಭಾಗ ಎದ್ದರೆ ಬಾನೆಟ್ಟಿನ ಮೇಲೆ ಒಬ್ಬರನ್ನು ಕೂರಿಸುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಎತ್ತಿನ ಕುಂಟೆಯ ಮೇಲೆ ನಿಂತು ಹರಗಿದ ಕಾಲದ ಅಭ್ಯಾಸವನ್ನು ಟ್ರ್ಯಾಕ್ಟರಿಗೆ ತಂದುಕೊಂಡಿದ್ದೇವೆ. ಎತ್ತು ‘ಹೋ’ ಎಂದರೆ ನಿಲ್ಲುತ್ತದೆ, ಮನುಷ್ಯ ಬಿದ್ದರೆ ತಾನೇ ಹೆದರಿ ನಿಲ್ಲುತ್ತದೆ. ಟ್ರ್ಯಾಕ್ಟರು ನಿಲ್ಲುವುದಿಲ್ಲ. ಹೆಂಟೆಯ ಮೇಲೆ ಗಾಲಿ ಕುಪ್ಪಳಿಸಿದ ಒಂದು ಕ್ಷಣದಲ್ಲಿ ಮಡ್ಗಾರ್ಡಿನ ಮೇಲಿದ್ದವರು ಬೀಳುವುದು ಗಾಲಿಯ ಕೆಳಗೆ ಅಥವಾ ನೇಗಿಲಿನ ಬಾಯಿಗೆ. ನಾನು ಬಾಡಿಗೆಗೆ ಹೋದ ಹೊಲದಲ್ಲಿ ಯಜಮಾನರು ಎಷ್ಟೇ ಒತ್ತಾಯಿಸಿದರೂ, ಮೇಲೆ ಹತ್ತಿದವರು ಇಳಿಯುವವರೆಗೆ ಗೇರು ಹಾಕುವುದಿಲ್ಲ.

ಯಾವ ಕೆಲಸಕ್ಕೆ ಭಾರ ಬೇಕು, ಯಾವುದಕ್ಕೆ ಬೇಡ ಎಂಬ ವಿಚಾರಕ್ಕೆ ಬರೋಣ. ಪಲ್ಟಿ ನೇಗಿಲಿಗೆ ಮತ್ತು ಆಳವಾಗಿ ಹಾಕುವ ಟಿಲ್ಲರಿಗೆ ಬೇಕು. ರೋಟರಿಗೆ (ರೋಟಾವೇಟರ್) ಹಿಂದಿನ ಗಾಲಿಯಲ್ಲಿ ಭಾರ ಬೇಡವೇ ಬೇಡ; ಅದರ ಅಲಗುಗಳು ತಿರುಗುತ್ತಾ ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳುತ್ತವೆ, ಎಳೆತವೆಂಬುದು ಬಹುಮಟ್ಟಿಗೆ ಇರುವುದಿಲ್ಲ. ಆದರೆ ರೋಟರು ಭಾರವಾದ ಉಪಕರಣವಾದ್ದರಿಂದ ಅದನ್ನು ಎತ್ತಿಕೊಂಡು ಓಡಾಡುವಾಗ ಮುಂದಿನ ವೇಟು ಬೇಕಾಗಬಹುದು. ಕಲಘಟಗಿ, ಹಾನಗಲ್ಲಿನ ಭತ್ತದ ಗದ್ದೆಗಳ ಕೆಸರಿನಲ್ಲಿ ಭಾರ ಹೆಚ್ಚಿಸಿದರೆ ಟ್ರ್ಯಾಕ್ಟರು ಹೂತುಹೋಗುತ್ತದೆ. ಅಲ್ಲಿ ಕಬ್ಬಿಣದ ಪಂಜರಗಾಲಿಯೇ ಸರಿ. ರಸ್ತೆಯಲ್ಲಿ ಎರಡು ಗಾಲಿಯ ಟ್ರೇಲರಿಗೆ ಚೀಲ ಹೇರಿ ಹೊರಟಾಗ ಅದರ ಮೂಕಿಯೇ ಹಿಂದಿನ ಅಚ್ಚಿನ ಮೇಲೆ ಸಾಕಷ್ಟು ಭಾರವನ್ನು ಹಾಕುತ್ತದೆ, ಮುಂಭಾಗ ಹಗುರವಾಗುತ್ತದೆ. ಆದ್ದರಿಂದ ಸಾಗಾಟಕ್ಕೆ ಬೇಕಾದದ್ದು ಮುಂದಿನ ವೇಟು, ಹಿಂದಿನ ನೀರಲ್ಲ. ಟ್ರೇಲರನ್ನು ಯಾವತ್ತೂ ಕೆಳಗಿನ ಹುಕ್ಕಿಗೇ ಜೋಡಿಸಬೇಕು. ಏರಿನಲ್ಲಿ ಮುಂಭಾಗ ಏಳತೊಡಗಿದರೆ ಆ ಕ್ಷಣವೇ ಕ್ಲಚ್ ತುಳಿಯಬೇಕು, ಯೋಚಿಸಲು ಸಮಯವಿರುವುದಿಲ್ಲ.

ಬಿತ್ತನೆಯ ವಿಷಯದಲ್ಲಿ ನನ್ನದೇ ಅನುಭವವನ್ನು ಹೇಳುತ್ತೇನೆ. ಒಂದು ವರ್ಷ ಮಾಗಿ ಉಳುಮೆಗೆ ತುಂಬಿಸಿದ ನೀರನ್ನು ತೆಗೆಸದೆ ಹಾಗೆಯೇ ಬಿಟ್ಟಿದ್ದೆ. ರೋಹಿಣಿ ಮಳೆ ಚೆನ್ನಾಗಿ ಬಿದ್ದಿತು. ಹೊಲ ಪೂರ್ತಿ ಹದಕ್ಕೆ ಬರುವ ಮೊದಲೇ, ಇನ್ನೊಂದು ಮಳೆ ಬಂದರೆ ಬಿತ್ತನೆ ತಪ್ಪೀತೆಂಬ ಅವಸರದಲ್ಲಿ ಅದೇ ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟಿ ಹೆಸರು ಬಿತ್ತಿದೆ. ಇಪ್ಪತ್ತು ದಿನಗಳಲ್ಲಿ ಹೊಲದ ಉದ್ದಕ್ಕೂ ಪಟ್ಟೆಗಳು ಕಂಡವು. ಗಾಲಿ ಓಡಿದ ಜಾಡಿನಲ್ಲಿ ಗಿಡಗಳು ಹಳದಿಯಾಗಿ ಗಿಡ್ಡಗೆ ನಿಂತಿದ್ದವು, ನಡುವಿನವು ಸೊಂಪಾಗಿದ್ದವು. ಕಾಯಿ ಬಿಡಿಸಿದ ಮೇಲೆ ಗುದ್ದಲಿಯಿಂದ ಅಗೆದು ನೋಡಿದೆ. ಜಾಡಿನ ಕೆಳಗೆ ಒಂದು ಗೇಣಿನ ಆಳದಲ್ಲಿ ಮಣ್ಣು ಹಲಗೆಯಂತಾಗಿತ್ತು. ಬೇರುಗಳು ಅಲ್ಲಿಯವರೆಗೆ ಇಳಿದು ಅಡ್ಡಕ್ಕೆ ತಿರುಗಿದ್ದವು. ಎರೆ ಮಣ್ಣು ಹಸಿಯಿದ್ದಾಗ ಹಿಗ್ಗಿ ಜಿಗುಟಾಗುತ್ತದೆ, ಆ ಸ್ಥಿತಿಯಲ್ಲಿ ಬಿದ್ದ ಒತ್ತಡವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಟಯರಿನ ಗಾಳಿಯನ್ನು ಕಡಿಮೆ ಮಾಡಿದರೆ ಮೇಲ್ಮಣ್ಣಿನ ಒತ್ತಡ ಮಾತ್ರ ತಗ್ಗುತ್ತದೆ. ಆಳದ ಮಣ್ಣು ಎಷ್ಟು ಗಟ್ಟಿಯಾಗುವುದೆಂಬುದು ಅಚ್ಚಿನ ಮೇಲಿನ ಒಟ್ಟು ಭಾರದ ಮೇಲೆ ನಿಂತಿದೆ. ಭಾರವನ್ನೇ ಇಳಿಸದೆ ಅದಕ್ಕೆ ಬೇರೆ ದಾರಿಯಿಲ್ಲ.

ಆದ್ದರಿಂದ ಮೇ ತಿಂಗಳಲ್ಲಿ, ರೋಹಿಣಿಗೆ ಮುಂಚೆ ನೀರನ್ನು ತೆಗೆಯುವುದನ್ನು ಒಂದು ಕಡ್ಡಾಯದ ಕೆಲಸವಾಗಿ ಇಟ್ಟುಕೊಂಡಿದ್ದೇನೆ. ಮುಂಗಾರಿಯ ಹೆಸರು, ಗೋವಿನಜೋಳದಿಂದ ಹಿಡಿದು ಉತ್ತರಿ, ಹಸ್ತ ಮಳೆಗಳಲ್ಲಿ ಬಿತ್ತುವ ಹಿಂಗಾರಿಯ ಜೋಳ, ಕಡಲೆ, ಕುಸುಬೆಯವರೆಗೆ ಟ್ರ್ಯಾಕ್ಟರು ಹಗುರವಾಗಿಯೇ ಇರುತ್ತದೆ. ಹೊಲಕ್ಕೆ ಇಳಿಯುವ ಮುಂಚೆ ಒಂದು ಗೇಣು ಆಳದಿಂದ ಹಿಡಿ ಮಣ್ಣನ್ನು ತೆಗೆದು ಅಂಗೈಯಲ್ಲಿ ಹೊಸೆದು ನೋಡಬೇಕು. ಅದು ಬತ್ತಿಯಂತೆ ಉದ್ದಕ್ಕೆ ಹೊಸೆದರೆ ಆ ದಿನ ಟ್ರ್ಯಾಕ್ಟರು ಬದುವಿನಾಚೆಗೇ ನಿಲ್ಲಲಿ. ಪುಡಿಯಾಗಿ ಒಡೆದರೆ ಇಳಿಯಬಹುದು.

ನೀರನ್ನು ತೆಗೆಯುವಾಗ ತುಂಬಿಸಿದಾಗಿನಂತೆಯೇ ಅಚ್ಚಿಗೆ ದಿಮ್ಮಿ ಕೊಟ್ಟು ಗಾಲಿಯನ್ನು ಎತ್ತಿ, ಈ ಸಲ ವಾಲ್ ಕೆಳಕ್ಕೆ ಬರುವಂತೆ ತಿರುಗಿಸಿ ಪಿನ್ನನ್ನು ಬಿಚ್ಚಬೇಕು. ಮೊದಲು ನೀರು ಒತ್ತಡದಿಂದ ಚಿಮ್ಮುತ್ತದೆ, ಪಕ್ಕಕ್ಕೆ ನಿಂತಿರಿ. ಹರಿಯುವುದು ನಿಂತಾಗ ಗಾಳಿ ತುಂಬಿ ಮತ್ತೆ ಬಿಟ್ಟರೆ ಉಳಿದ ನೀರಿನ ಬಹುಪಾಲು ಹೊರಬರುತ್ತದೆ. ತಳದಲ್ಲಿ ಕೆಲವು ಲೀಟರ್ ಉಳಿದರೆ ಚಿಂತೆಯಿಲ್ಲ. ಪಿನ್ನನ್ನು ಒರೆಸಿ, ಅದರ ರಬ್ಬರು ಸೀಳಿದ್ದರೆ ಹೊಸದನ್ನು ಹಾಕಿ, ಗಾಳಿ ತುಂಬಿ, ವಾಲಿನ ಟೊಪ್ಪಿಯನ್ನು ಮುಚ್ಚಿ. ಎಷ್ಟು ಲೀಟರ್ ತುಂಬಿಸಿದ್ದು, ಯಾವ ನೇಗಿಲಿಗೆ ಎಷ್ಟು ಸುತ್ತು ಬಂದದ್ದು ಎಂಬುದನ್ನು ಮಡ್ಗಾರ್ಡಿನ ಒಳಮೈಗೆ ಬಣ್ಣದಲ್ಲಿ ಬರೆದಿಟ್ಟರೆ, ಮುಂದಿನ ಫೆಬ್ರುವರಿಯಲ್ಲಿ ಗೂಟ ನೆಡುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಬಹುದು.